ಆರು ಎಳಿಯ ಲೆಕ್ಕ

ಹೋದ ವರ್ಷ ತೀರಿಕೊಂಡ ಕಂಡಕ್ಟರ್ ಸಂಗಯ್ಯನವರ ಹೆಸರು ನಾ ಮೊದಲು ಕೇಳಿದ್ದು ನನ್ನ ಸೊಸಿ ಚೇತನಾಳಿಂದ. ಕಮತಗಿಯಿಂದ ಇಳಕಲ್ಲಿಗೆ ಬಂದಾಕಿ, "ಅತ್ತಿ, ಬಸ್ಸಿನ ಕಂಡಕ್ಟರ್ ಸಂಗಯ್ಯನವರು ಟಿಕೀಟಿನ ಹಿಂದ ಲೆಕ್ಕ ಬರದು ಕೊಡ್ತಾರ. ಬಿಡಿಸ್ಕೋತ ಕುಂತು ನಾ ಇಳಿಯೋ ಸ್ಟಾಪೇ ಮರತೆ" ಅಂತ ನಕ್ಕಳು.

ಓದಿ ಹೇಳಿದಳು. ಮುಟಿಗ್ಯಾಗ ಆರು ಎಳಿ ಹಿಡಿ. ಮ್ಯಾಲಿನ ತುದಿಗಳನ್ನು ಎರಡೆರಡು ಕೂಡಿಸಿ ಗಂಟು ಹಾಕು, ಕೆಳಗಿನವಕ್ಕೂ ನೋಡದೆ ಹಂಗ ಹಾಕು. ಎಲ್ಲಾ ಸೇರಿ ಕೈಬಳಿಯಂಗ ಒಂದೇ ಸುತ್ತಿನ ಬಳಿ ಆಗೋದು ಹೆಚ್ಚೋ, ಆಗದಿರೋದು ಹೆಚ್ಚೋ?

ನಾ ಸಾಲಿ ಕಲತದ್ದು ಎರಡನೇತ್ತಿ ತನಕ. ಆದರ ಸೀರಿಯ ಮೈಯ ಎಳಿಗೆ ಸೆರಗಿನ ರೇಷ್ಮಿ ಎಳಿ ಕೊಂಡಿ ಹಾಕಿ ಕೂಡಿಸೋದು ನನ್ನ ನಲವತ್ತು ವರ್ಷದ ಕೆಲಸ. ಮ್ಯಾಲಿನ ಗಂಟು ಹಂಗೇ ಇಟ್ಟು, ಕೆಳಗ ಎಷ್ಟು ರೀತಿಲೆ ಕಟ್ಟಬಹುದೋ ಅಷ್ಟೂ ಕಟ್ಟಿದೆ. ಹದಿನೈದು ರೀತಿ ಆದವು. ಎಂಟರಾಗ ಒಂದೇ ಬಳಿ, ಏಳರಾಗ ಇಲ್ಲ.

ಮರುವಾರ ಅವರ ಬಸ್ ಹತ್ತಿ, ಒಂದೇ ಬಳಿ ಆಗೋದೇ ಹೆಚ್ಚು ಅಂತ ಹೇಳಿದೆ.

"ತಪ್ಪೈತಿ ಯಮ್ಮಾ, ಆಗದಿರೋದೇ ಹೆಚ್ಚು. ಇಪ್ಪತ್ತು ವರ್ಷ ಕೂಡಿಸಿದ ಐವತ್ತು ಲೆಕ್ಕ ಪುಸ್ತಕ ಆಗಾಕತ್ತಾವ, ಅದರಾಗ ಹಂಗೇ ಬರದೇನಿ."

"ಪುಸ್ತಕ ಇರ್ಲಿ ಬಿಡ್ರಿ, ಗಂಟು ನೋಡ್ರಿ" ಅಂತ ಹದಿನೈದೂ ಗೊಂಚಲು ಕೈಗೆ ಕೊಟ್ಟೆ.

ಹುನಗುಂದದಾಗ ಬಸ್ ನಿಂತಾಗ ಒಂದೊಂದೇ ಹರವಿ ನೋಡಿದರು. ಮುಖ ಸಣ್ಣದಾತು. "ಹಿಂಗೇ ಅಚ್ಚಾಗಿದ್ರ ಬಸ್ಸಿನ್ಯಾಗ ಮುಖ ಹ್ಯಾಂಗ ತೋರಿಸ್ತಿದ್ದೆ?" ಅಂದರು. ಆಮ್ಯಾಲೆ ಚೀಲದಿಂದ ಹಾಳಿಯ ಕಟ್ಟು ತಗದು ನನ್ನ ಉಡಿಯಾಗ ಇಟ್ಟರು.

"ಇನ್ನ ನಲವತ್ತೊಂಬತ್ತು ಅದಾವ. ಅಚ್ಚಿಗೆ ಕೊಡೋಕಿಂತ ಮೊದಲು ಇವನ್ನೂ ಒಮ್ಮಿ ಕೈಲೆ ಮಾಡಿ ನೋಡ್ತೀರೇನ್ರಿ?"

ಅವರು ನನ್ನ ಕೇಳಿದ್ದು ಅದೇ ಕಡೀದು; ನಾ ಎಲ್ಲಾ ಮಾಡಿ ನೋಡೋದ್ರಾಗ ಅವರು ತೀರಿಕೊಂಡರು.