ಹೋಗು ಅಂದವರ ಹತ್ತಿರ

“ನೀನು ಮಗೂನ ಕರ್ಕೊಂಡು ಕುಣಿಗಲ್‌ಗೆ ಹೋಗು. ಅಲ್ಲೇ ಇದ್ಬಿಡು.”

ನನ್ನ ಗಂಡ ಹೀಗೆ ಅಂದಾಗ ನಾನು ಅವರಿಗೆ ಕಾಫಿ ಹಿಡಿದು ನಿಂತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗುಬ್ಬಿಯಲ್ಲಿ, ಬಸ್ಸು ನಿಲ್ಲುವ ದೊಡ್ಡ ರಸ್ತೆಗೆ ಹೊಂದಿಕೊಂಡ ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮದುವೆಯಾಗಿ ಐದು ವರ್ಷ, ಮಗಳಿಗೆ ಮೂರು. ಕುಣಿಗಲ್ ನನ್ನ ತವರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಗೋಡೆ ನೋಡಿಕೊಂಡು, ಯಾರದೋ ಮನೆಯ ವಿಷಯ ಹೇಳುವವರ ಹಾಗೆ ಹೇಳಿದರು.

ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಸಂಜೆ ಗಲ್ಲಿಯ ತುದಿಯಿಂದಲೇ ಮಾತು ಶುರುಮಾಡಿಕೊಂಡು ಬರುತ್ತಿದ್ದ ಮನುಷ್ಯ. ಸೈಕಲ್ಲಿನ ಕಂಬಿಗೆ ಪುಟ್ಟ ಸೀಟು ಹಾಕಿಸಿ ಭಾನುವಾರ ಮಗಳನ್ನು ಊರೆಲ್ಲ ಸುತ್ತಾಡಿಸುತ್ತಿದ್ದರು. ಒಗ್ಗರಣೆಯಲ್ಲಿ ಸಾಸಿವೆ ಯಾಕೆ ಸಿಡಿಯುತ್ತೆ ಅಂತ ನನಗೂ ಪಾಠ ಮಾಡುತ್ತಿದ್ದರು.

ಆ ವರ್ಷ ದಸರಾ ಕಳೆದ ಮೇಲೆ ಮಾತು ನಿಂತಿತು. ಮನೆಯಲ್ಲಿ ಸಾವಾಗಿರಲಿಲ್ಲ. ಸ್ಕೂಲಿನಲ್ಲಿ ಯಾರ ಜೊತೆಗೂ ಮನಸ್ತಾಪವಿರಲಿಲ್ಲ. ಮೊದಲು ನಿದ್ದೆ ಹೋಯಿತು, ಆಮೇಲೆ ಹಸಿವು. ಮುದ್ದೆಯನ್ನು ಚೂರು ಚೂರು ಮಾಡಿ ಹಾಗೇ ಕೈ ತೊಳೆದುಬಿಡುತ್ತಿದ್ದರು. ಗಡ್ಡ ಬೆಳೆಯಿತು. ಸ್ಕೂಲಿಗೆ ರಜೆ ಚೀಟಿ ಹೋಗತೊಡಗಿತು. ಮಗಳು ಬೆನ್ನಿಗೆ ಜೋತುಬಿದ್ದರೆ ಮೆಲ್ಲಗೆ ಅವಳ ಕೈ ಬಿಡಿಸಿ ಆಚೆಗೆ ಕೂರಿಸುತ್ತಿದ್ದರು.

“ಏನಾಯ್ತು ಹೇಳ್ರೀ” ಅಂತ ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ.

“ಏನೂ ಇಲ್ಲ.”

“ಏನೂ ಇಲ್ದೆ ಹಿಂಗಿರ್ತಾರಾ ಯಾರಾದ್ರೂ? ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ನನ್ನ ಪಾಡಿಗೆ ನನ್ನ ಬಿಡು.”

ಬಿಡಲಿಲ್ಲ. ಅವರಿಗೆ ಇಷ್ಟ ಅಂತ ಬಸ್ಸಾರು ಮಾಡಿದೆ, ಹೋಳಿಗೆ ಮಾಡಿದೆ. ತಟ್ಟೆ ಹಾಗೇ ವಾಪಸ್ಸು ಬಂದರೆ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಹತ್ತಿರ ಹೋದಷ್ಟೂ ಅವರು ದೂರ ಸರಿಯುತ್ತಿದ್ದರು. ಕೊನೆಗೆ ಈ ಮಾತು ಬಂತು. ನನಗೂ ಸಾಕಾಗಿತ್ತು. ಎರಡು ಬ್ಯಾಗು ತುಂಬಿಕೊಂಡು, ತುಮಕೂರಿನಲ್ಲಿ ಬಸ್ಸು ಬದಲಿಸಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತವರಿಗೆ ಹೋದೆ.

ಅಮ್ಮ ಬಾಗಿಲಲ್ಲೇ ಕೇಳಿದಳು, “ಅವ್ರು ಕಳ್ಸಿದ್ರಾ, ನೀನೇ ಬಂದ್ಯಾ?”

“ಅವ್ರೇ ಹೋಗು ಅಂದ್ರು.”

ಅಮ್ಮ ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು, “ಇನ್ಯಾರಾದ್ರೂ ಇದಾರೇನೋ ನೋಡು ಕಣೇ” ಅಂದಳು. ಬಂದುಹೋದವರೆಲ್ಲ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದರು. ನಾನು ಬರೆದ ಮೂರು ಕಾಗದಗಳಿಗೆ ಒಂದೇ ಒಂದು ಕಾರ್ಡು ಬಂತು. “ಅಲ್ಲೇ ಇರಿ. ಚೆನ್ನಾಗಿರಿ.” ಅಷ್ಟೇ. ಅದನ್ನು ಓದಿದಾಗ ನನ್ನಲ್ಲಿ ದುಃಖಕ್ಕಿಂತ ಸಿಟ್ಟು ಜಾಸ್ತಿಯಿತ್ತು. ಒಂದು ತಿಂಗಳು ಕಳೆದ ಮೇಲೆ, ಮಗಳನ್ನು ಅಮ್ಮನ ಹತ್ತಿರ ಬಿಟ್ಟು, ಉಳಿದ ಬಟ್ಟೆಬರೆ ತಂದುಬಿಡೋಣ ಅಂತಲೇ ಗುಬ್ಬಿಗೆ ಹೊರಟೆ.

ಮಧ್ಯಾಹ್ನ ಗಲ್ಲಿಗೆ ಕಾಲಿಟ್ಟಾಗ ಪಕ್ಕದ ಮನೆಯ ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿಕೊಂಡಳು.

“ಬಂದ್ಯೇನವ್ವ? ನಿನ್ ಗಂಡ ಬಾಗ್ಲೇ ತೆಗೆಯಾಕಿಲ್ಲ. ನಾನೇ ಒಂದೊತ್ತು ಊಟ ಇಟ್ಟು ಬತ್ತೀನಿ. ಆದ್ರೆ ತುಮಕೂರ್ ಬಸ್ ಬರೋ ಹೊತ್ಗೆ ಮಾತ್ರ ದಿನಾ ಸಾಯಂಕಾಲ ರೋಡ್ಗೆ ಹೋಯ್ತಾರೆ. ಇಳಿಯೋರ್ನೆಲ್ಲ ನೋಡ್ತಾರೆ. ಬಸ್ ಹೋದ್ಮ್ಯಾಕೆ ಬಂದು ಬಾಗ್ಲು ಹಾಕ್ಕೊಂಡ್ಬುಡ್ತಾರೆ.”

ನನ್ನ ಸಿಟ್ಟೆಲ್ಲ ಕಲಸಿಹೋಯಿತು. ಬರಬೇಡ ಅಂತ ಬರೆದವರು ಬಸ್ಸಿಗೆ ಕಾಯುವುದೇಕೆ?

ಬಾಗಿಲು ತಟ್ಟಿದೆ. ತೆಗೆದರು. ಕಣ್ಣು ಒಳಗೆ ಹೋಗಿದ್ದವು, ಅಂಗಿ ಭುಜದಿಂದ ಜಾರುತ್ತಿತ್ತು.

“ಯಾಕ್ ಬಂದೆ?”

“ಬಟ್ಟೆ ತಗೊಂಡು ಹೋಗೋಣ ಅಂತ” ಅಂದೆ.

ತಗೊಂಡು ಹೋಗಲಿಲ್ಲ. ಮಾರನೆಯ ದಿನ ಅಣ್ಣನನ್ನು ಕರೆಸಿಕೊಂಡು ಅವರನ್ನು ತುಮಕೂರಿಗೆ, ಮನಸ್ಸಿನ ಕಾಯಿಲೆ ನೋಡುತ್ತಾರೆ ಅಂತ ಯಾರೋ ಹೇಳಿದ್ದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಪ್ರತಿಭಟಿಸಲೂ ಇಲ್ಲ, ಮಾತಾಡಲೂ ಇಲ್ಲ. ವಯಸ್ಸಾದ ಡಾಕ್ಟರು. ಅರ್ಧ ಗಂಟೆ ಅವರೊಬ್ಬರನ್ನೇ ಮಾತಾಡಿಸಿ, ಆಮೇಲೆ ನನ್ನನ್ನು ಒಳಗೆ ಕರೆದರು.

“ಇದು ಖಿನ್ನತೆ ಅನ್ನೋ ಕಾಯಿಲೆ ಕಣಮ್ಮ. ಮಾತ್ರೆ ಕೊಡ್ತೀನಿ, ಕೆಲಸ ಮಾಡೋಕೆ ಮೂರ್ನಾಲ್ಕು ವಾರ ಆಗುತ್ತೆ. ಅಲ್ಲೀವರ್ಗೂ ಏನಾಯ್ತು ಏನಾಯ್ತು ಅಂತ ಕೇಳ್ಬೇಡಿ.”

“ನನ್ನ ಹೋಗು ಅಂತಾರೆ ಡಾಕ್ಟ್ರೇ.”

“ಹೋಗು ಅಂದ್ರೆ ಪಕ್ಕದ ಕೋಣೆಗೆ ಹೋಗಿ. ಕುಣಿಗಲ್‌ಗೆ ಹೋಗ್ಬೇಡಿ.”

ಮಗಳನ್ನು ಕರೆತಂದೆ. ಡಾಕ್ಟರು ಹೇಳಿದಷ್ಟು ಸುಲಭವಿರಲಿಲ್ಲ ಅದು. ಹೋಗು ಅಂದಾಗ ಪ್ರತಿ ಸಲವೂ ಎದೆ ಉರಿಯುತ್ತಿತ್ತು. ಒಂದೆರಡು ಸಲ ಕೂಗಾಡಿಯೂ ಬಿಟ್ಟೆ. ಆದರೆ ಬಹುಪಾಲು ದಿನ ಎದ್ದು ಆ ಕಡೆ ಕೋಣೆಗೆ ಹೋಗಿ, ನಡುವಿನ ಬಾಗಿಲು ತೆರೆದಿಟ್ಟು, ನನ್ನ ಕೆಲಸ ನಾನು ಮಾಡಿಕೊಳ್ಳುತ್ತಿದ್ದೆ.

ಅದು ಅವರೆಕಾಯಿಯ ಕಾಲ. ಒಂದು ದಿನ ನೆನೆಸಿದ ಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ. ಅವರು ಬಂದು ಎದುರಿಗೆ ಕೂತರು. ನಾನು ತಲೆ ಎತ್ತಲಿಲ್ಲ. ಅವರೂ ಒಂದು ಹಿಡಿ ಕಾಳು ತೆಗೆದುಕೊಂಡರು. ಬೋಗುಣಿ ಅರ್ಧ ತುಂಬಿತು.

“ನೀನು ಏನಾಯ್ತು ಅಂದಾಗೆಲ್ಲ ನಾನೂ ಹುಡುಕ್ತಿದ್ದೆ” ಅಂದರು. “ಒಳಗೆ ಏನೂ ಸಿಗ್ತಿರ್ಲಿಲ್ಲ. ನೀನು ಅಷ್ಟು ಇಷ್ಟಪಟ್ಟು ಮಾಡಿದ್ದು ಬಾಯಿಗೆ ಮಣ್ಣು ಥರ ಇರೋದು. ನಿನ್ನ ಮುಖ ನೋಡಿದ್ರೆ ನಾಚಿಕೆ ಆಗೋದು. ಮಗೂನೂ ನನ್ನ ನೋಡ್ಕೊಂಡು ಹಿಂಗೇ ಆಗ್ಬಿಟ್ರೆ ಅಂತ ಭಯ. ನೀವಿಬ್ರಾದ್ರೂ ದೂರ ಇದ್ದು ಚೆನ್ನಾಗಿರಿ ಅಂತ ಕಳ್ಸಿದೆ.”

“ಮತ್ತೆ ಬಸ್ ಯಾಕೆ ಕಾಯ್ತಿದ್ರಿ?”

ಬಹಳ ಹೊತ್ತು ಕಾಳು ಹಿತುಕಿದರು. “ಬಂದ್ಬಿಡ್ಲಿ ಅಂತ. ನೀನು ಇಳೀದೇ ಇದ್ರೆ, ಸದ್ಯ ಬರ್ಲಿಲ್ಲ ಅಂತಾನೂ ಅನ್ಸೋದು.”

ನನ್ನನ್ನು ಬೇಡ ಅಂದಿದ್ದಾರೆ ಅಂತ ಅಷ್ಟು ದಿನ ನಂಬಿದ್ದೆ. ಅವರು ಬೇಡ ಅಂದಿದ್ದು ತಮ್ಮನ್ನೇ. ಕಣ್ಣೆದುರಿಗಿದ್ದದ್ದು ನಾನಾದ್ದರಿಂದ ಮಾತು ನನಗೆ ತಗುಲಿತ್ತು.

ಯುಗಾದಿಯ ಹೊತ್ತಿಗೆ ಅವರು ಸ್ಕೂಲಿಗೆ ಹೋಗತೊಡಗಿದರು. ಕಾಯಿಲೆ ಪೂರ್ತಿ ಬಿಟ್ಟುಹೋಗಲಿಲ್ಲ. ಎಂಬತ್ತರ ದಶಕದಲ್ಲಿ ನಾವು ತುಮಕೂರಿಗೆ ಬಂದ ಮೇಲೂ ಎರಡು ಸಲ ಮರುಕಳಿಸಿತು. ಆಗ ಅವರೇ ಮೊದಲು ಹೇಳುತ್ತಿದ್ದರು, “ಮತ್ತೆ ಶುರುವಾಗ್ತಿದೆ ಅನ್ಸುತ್ತೆ ಕಣೇ.” ಡಾಕ್ಟರ ಹತ್ತಿರ ಹೋಗಿಬರುತ್ತಿದ್ದೆವು. ಮಗಳಿಗೂ ಅರ್ಥವಾಗುವಂತೆ ಹೇಳಿದ್ದೆವು.

ಅಮ್ಮನಿಗೆ ಮಾತ್ರ ಇದನ್ನೆಲ್ಲ ಬಿಡಿಸಿ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಅವಳು ತುಮಕೂರಿನ ಮನೆಗೆ ಬಂದಿದ್ದಾಗ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ನನ್ ತಮ್ಮನೂ ಹಿಂಗೇ ಅಂದಿದ್ದ ಕಣೇ. ಯಾರೂ ಬರ್ಬೇಡಿ ಅಂದ. ಕೊಬ್ಬು ಇವ್ನಿಗೆ ಅಂದ್ಕೊಂಡು ನಾವ್ಯಾರೂ ಹೋಗ್ಲೇ ಇಲ್ಲ” ಅಂದಳು.

ಗುಬ್ಬಿ ಹತ್ತಿರದ ಕಡಬದಲ್ಲಿ ಒಬ್ಬರೇ ಇದ್ದ ಆ ಮಾವನನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದು ಅಷ್ಟೇ. ಮುಂಗೋಪಿ ಅಂತ ಮನೆಯಲ್ಲಿ ಅವರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಅಮ್ಮ ಸ್ನಾನ ಮುಗಿಸಿ ಬಂದು, “ಕಡಬದ್ ಬಸ್ ಎಷ್ಟೊತ್ಗಿದೆ?” ಅಂದಳು.

ಇಬ್ಬರೂ ಹೋದೆವು. ಮಾವ ಹೊರಗೆ ಬಂದು ನೋಡಿ, “ಯಾಕ್ ಬಂದ್ರಿ?” ಅಂದು ಒಳಗೆ ಹೋದರು. ಕೂತ್ಕೊಳ್ಳಿ ಅನ್ನಲಿಲ್ಲ. ಅಮ್ಮ ಜಗಲಿಯ ಮೇಲೆ ತಾನೇ ಕೂತಳು. ಒಂದು ಗಂಟೆ ಕೂತಿದ್ದು, “ಬತ್ತೀನಿ ಕಣೋ. ಮುಂದಿನ್ ತಿಂಗ್ಳು ಮತ್ತೆ ಬತ್ತೀನಿ” ಅಂತ ಬಾಗಿಲಿನ ಕಡೆ ಮುಖ ಮಾಡಿ ಹೇಳಿ ಎದ್ದಳು.

ಹೇಳಿದ ಹಾಗೇ ಹೋದಳು. ಮೂರನೆಯ ಸಲವೋ ನಾಲ್ಕನೆಯ ಸಲವೋ ಮಾವ ಎರಡು ಎಳನೀರು ಕೆತ್ತಿ ತಂದು, ಒಂದನ್ನು ಅಕ್ಕನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದುಕೊಂಡು ಜಗಲಿಯ ಆ ತುದಿಯಲ್ಲಿ ಕೂತರಂತೆ.