ನರೆತ ಮೂತಿಯ ಮಸಿ

ದಾದರಿನ ಮದುವೆ ಹಾಲ್‌ಗಳಲ್ಲಿ ಆಯುಷ್ಯವೆಲ್ಲ ಫೋಟೋ ತೆಗೆದ ಗುರುಬಸವ ಈಗ ನಾಯಿಗಳ ಫೋಟೋ ತೆಗೆಯುತ್ತಾನೆಂಬುದನ್ನು ಅವನ ಹೆಂಡತಿ ದಾನವ್ವ ಇನ್ನೂ ನೆಂಟರಿಗೆ ಹೇಳಿಲ್ಲ. ಮುಂಬಯಿಯ ಧಾರವಾಡ ಮಂದಿಯ ಮದುವೆಗೆ ಗುರುಬಸವನೇ ಬೇಕು ಎನ್ನುವ ಕಾಲವೊಂದಿತ್ತು. ಡ್ರೋನ್ ಹಾರಿಸುವ ಹುಡುಗರು ಬಂದ ಮೇಲೆ ಅವನು ಸಯನ್‌ನ ಮನೆಯಲ್ಲಿ ಕ್ಯಾಮೆರಾ ಒರೆಸುತ್ತ ಕೂತುಬಿಟ್ಟಿದ್ದ. ಆಗ ವಿನೋದಿನಿಯ ಫೋನು ಬಂತು.

ಉಡುಪಿ ಕಡೆಯ ಈ ವಿನೋದಿನಿಯ ಮದುವೆ ಆಲ್ಬಂ ಮಾಡಿದವನು ಅವನೇ. ಈಗ ಭಾಂಡುಪ್‌ನಲ್ಲಿರುವ ಅವಳಿಗೆ ಒಂದು ಹುಚ್ಚು: ಭಾನುವಾರ ಬೆಳಗಾದರೆ ನಾಯಿ ಸಾಕಿದವರನ್ನೆಲ್ಲ ನಾಯಿಗಳ ಸಮೇತ ಟೆಂಪೋ ಹತ್ತಿಸಿ ಊರಾಚೆಯ ಗುಡ್ಡಕ್ಕೆ ಕರೆದೊಯ್ಯುವುದು.

"ಗುರುಬಸವಣ್ಣ, ಒಂದು ನಾಯಿಗೆ ಮನೆ ಹುಡುಕ್ಬೇಕು ಮಾರಾಯ್ರೆ. ನಮ್ಮ ಜೊತೆ ಬಂದು ಒಂದು ಒಳ್ಳೆ ಫೋಟೋ ತೆಗೆದು ಕೊಡಿ."

ನಾಯಿಯ ಹೆಸರು ಮಸಿ. ಯಾರೋ ಸಾಕಿ, ಬೇಡವಾಗಿ ಬಿಟ್ಟುಹೋದ ಕಡುಕಪ್ಪು ಹೆಣ್ಣುನಾಯಿ. ನಾಯಿಗಳ ಆಶ್ರಯಧಾಮದಿಂದ ವಿನೋದಿನಿ ತಂದಿಟ್ಟುಕೊಂಡಿದ್ದಳು, ಆದರೆ ತಿಂಗಳ ಕೊನೆಯೊಳಗೆ ಅದು ಹೋಗಲೇಬೇಕೆಂದು ಮನೆ ಮಾಲೀಕ ಹಟ ಹಿಡಿದಿದ್ದ. ಇಲ್ಲದಿದ್ದರೆ ಮತ್ತೆ ಆ ಆಶ್ರಯಧಾಮವೇ ಗತಿ. ಅಲ್ಲಿ ಅದು ಅನ್ನ ಮುಟ್ಟುತ್ತಿರಲಿಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋಗಳಲ್ಲೋ ಮಸಿ ಬರೀ ಕಪ್ಪು ಮುದ್ದೆ. ಅದನ್ನು ನೋಡಿ ಯಾರು ತಾನೇ ಬಂದಾರು?

ಗುಡ್ಡದ ನೆತ್ತಿಯಲ್ಲಿ ಗುರುಬಸವ ಮೊದಲು ನಾಯಿಗಳನ್ನೆಲ್ಲ ಬೀಗರ ಗ್ರೂಪ್ ಫೋಟೋದಂತೆ ಸಾಲಾಗಿ ನಿಲ್ಲಿಸಲು ಹೋಗಿ ಬೊಗಳಿಸಿಕೊಂಡ. ಆಮೇಲೆ ಮಸಿಯನ್ನು ಮರದ ನೆರಳಿಗೆ ತಂದು, ಬೆಳಕು ಸಾಲದೆಂದು ರೂಢಿಯಂತೆ ಫ್ಲ್ಯಾಶ್ ಹೊಡೆದ. ಮದುವೆ ಫೋಟೋಗ್ರಾಫರನ ಕೈಗೆ ಬೇರೆ ಏನು ಗೊತ್ತು! ಮಸಿ ಬೆಚ್ಚಿಬಿದ್ದು, ಹಗ್ಗ ಕಿತ್ತುಕೊಂಡು ಪೊದೆಯೊಳಗೆ ನುಗ್ಗಿತು. ಎಲ್ಲರೂ ಕರೆಯತೊಡಗಿದರು. ಕರೆದಷ್ಟೂ ಅದು ಹಿಂದೆ ಸರಿಯಿತು.

ಹೆದರಿ ಅಳುವ ಮದುಮಗಳನ್ನು ಸಂಭಾಳಿಸಲು ಅವನಲ್ಲೊಂದು ಉಪಾಯವಿತ್ತು. ನಗು ಎಂದು ಹೇಳುತ್ತಲೇ ಇರಲಿಲ್ಲ. ಸುತ್ತ ನೆರೆದವರನ್ನು ಸಾಗಹಾಕಿ, ಬೇರೆ ಕಡೆ ಮುಖ ಮಾಡಿ ಲೆನ್ಸ್ ಒರೆಸುತ್ತ ಏನೋ ಮಾತಾಡುತ್ತಿದ್ದ. ಈಗಲೂ ಹಾಗೇ ಮಾಡಿದ. ಎಲ್ಲರನ್ನೂ ದೂರ ಕಳಿಸಿ, ಪೊದೆಗೆ ಬೆನ್ನು ಹಾಕಿ ಕೂತ.

"ಬೀಗರೆಲ್ಲ ಊಟಕ್ಕ ಹೋದರವಾ. ಯಾರೂ ಇಲ್ಲ. ನೀ ಬಂದರೂ ಚಲೋ, ಬರಲಿಲ್ಲಂದರೂ ಚಲೋ."

ದೂರದಲ್ಲಿ ನಿಂತ ವಿನೋದಿನಿಗೆ ನಗು ತಡೆಯಲಾಗಲಿಲ್ಲ. ಬಹಳ ಹೊತ್ತಿನ ಮೇಲೆ ಒದ್ದೆ ಮೂಗೊಂದು ಅವನ ಮೊಣಕೈ ಮುಟ್ಟಿತು. ಮಸಿ ಹೊರಗೆ ಬಂದು, ಬಿಸಿಲಿಗೆ ಮುಖ ಒಡ್ಡಿ ಕೂತುಕೊಂಡಿತು. ಗುರುಬಸವ ಫ್ಲ್ಯಾಶ್ ಕಿತ್ತು ಜೇಬಿಗಿಳಿಸಿ, ಆಕಾಶ ಬಿಳಿಚಿದರೆ ಬಿಳಿಚಲಿ ಎಂದು ಬರೀ ಆ ಕಪ್ಪು ಮುಖಕ್ಕೆ ಬೆಳಕು ಹೊಂದಿಸಿ ಕ್ಲಿಕ್ಕಿಸಿದ.

ಫೋಟೋ ಬೊಂಬಾಟಾಗಿ ಬಂತು. ಕಣ್ಣು, ಹುಬ್ಬು, ಒಂದೊಂದು ಮೀಸೆ ಎಳೆಯೂ ಕಂಡವು. ಅದರ ಜೊತೆಗೆ ಇಷ್ಟು ದಿನ ಎಲ್ಲರೂ ಹುಟ್ಟುಬಣ್ಣವೆಂದುಕೊಂಡಿದ್ದ ನರೆಯೂ ಕಂಡಿತು. ಮೂತಿಯ ಸುತ್ತ ಎಲ್ಲ ಬಿಳಿ.

"ಅಯ್ಯೋ, ಮುದುಕಿಯಾ ಇದು! ಇನ್ನು ಯಾರು ತಗೊಳ್ತಾರೆ?" ವಿನೋದಿನಿಯ ಮುಖ ಬಾಡಿತು. "ಆ ಬಿಳಿಯನ್ನು ಸ್ವಲ್ಪ ಕಪ್ಪು ಮಾಡ್ಲಿಕ್ಕೆ ಆಗ್ತದಾ?"

ಆಗದೇನು? ಎಷ್ಟು ವರರ ನರೆ ಅಳಿಸಿಲ್ಲ, ಎಷ್ಟು ವಧುಗಳ ಬಣ್ಣ ತಿಳಿ ಮಾಡಿಲ್ಲ ಅವನು! ಬೀಗರೇ ಪಕ್ಕದಲ್ಲಿ ನಿಂತು ಮಾಡಿಸುತ್ತಿದ್ದರು. ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತ. ಆದರೆ ಆ ಮುಖ ನೋಡಿ ಅವನ ಕೈ ಮುಂದೆ ಹೋಗಲಿಲ್ಲ. ವಿನೋದಿನಿಗೆ ಫೋನು ಹಚ್ಚಿದ.

"ಕರಕೊಂಡು ಹೋದವರು ಮುದುಕಿ ಅಂತ ಗೊತ್ತಾಗಿ ತಿರುಗಿ ಬಿಟ್ಟು ಹೋದರ? ಒಮ್ಮೆ ಅನುಭವಿಸ್ಯಾಳ. ಇನ್ನೊಮ್ಮೆ ಬ್ಯಾಡ ತಂಗಿ."

ಫೋಟೋ ಇದ್ದ ಹಾಗೇ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹೋಯಿತು. ಹೊಗಳಿದವರು ಬಹಳ, ನಾಯಿ ಬೇಕೆಂದು ಕೇಳಿದವರು ಒಬ್ಬರೂ ಇಲ್ಲ. ತಿಂಗಳು ಮುಗಿಯುತ್ತ ಬಂತು. ತನ್ನ ಹಟಕ್ಕೆ ಆ ಮೂಕಪ್ರಾಣಿ ಬಲಿಯಾಯಿತಲ್ಲ ಎಂದು ಗುರುಬಸವನಿಗೆ ಊಟ ಸೇರದಾಯಿತು.

ಫೋಟೋದ ಮೂಲೆಯಲ್ಲಿ ಸ್ಟುಡಿಯೋದ ಹೆಸರು, ನಂಬರು ಹಾಕುವ ಚಟ ಅವನಿಗೆ. ಹಾಗಾಗಿ ಕಡೆಗೊಂದು ಫೋನು ಬಂದದ್ದು ಅವನಿಗೇ.

"ನಾನು ಭುವನೇಶ್ವರಿ ಅಂತ್ರಿ, ದಾದರದಿಂದ. ರಿಟೈರ್ಡ್ ಟೀಚರ್. ಮರಿ ಹಿಂದ ಓಡಾಕ ನನ್ನ ಮೊಣಕಾಲು ಕೇಳೂದಿಲ್ಲ. ನನ್ನಂಗ ನಿಧಾನಕ್ಕ ನಡೆಯೂದು ಹುಡುಕಾಕತ್ತಿದ್ದೆ. ಖರೇ ಹೇಳ್ರಿ, ಆ ಮೂತಿ ಮ್ಯಾಲಿನ ಬಿಳಿ ಕೂದಲ ಅದರದೇನೋ, ಫೋಟೋದಾಗ ನೀವು ಮಾಡಿದ್ದೋ?"

ಗುರುಬಸವ ಕಂಪ್ಯೂಟರಿನಲ್ಲಿದ್ದ ಮಸಿಯ ಮುಖದತ್ತ ತಿರುಗಿದ. "ಒಂದೊಂದೂ ಅಕೀದ ಐತ್ರಿ ಅಕ್ಕಾರ."

"ಹಂಗಾದರ ಅಕಿನ್ನ ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ. ನಾ ಈಗ ಹೊಂಟೆ."