ಕಳ್ಳಮಾಮನ ಎಡಗೈ

ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷ. ಕಳ್ಳಮಾಮ ನಮ್ಮ ನೀರು ಶುದ್ಧೀಕರಣ ಘಟಕದ ಗೇಟಿನ ಪಕ್ಕ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಕಳಚಿಬಿದ್ದ ಚೈನನ್ನು ಕೂರಿಸುತ್ತಿದ್ದರು. ಹೊತ್ತು ಇಷ್ಟು ಕರಾರುವಾಕ್ಕಾಗಿ ನೆನಪಿರುವುದಕ್ಕೆ ಕಾರಣವಿದೆ. ನಾನು ಆ ಘಟಕದ ಪ್ರಯೋಗಾಲಯದಲ್ಲಿ ಕೆಮಿಸ್ಟ್. ಆಗತಾನೇ ನೀರಿನ ಕ್ಲೋರಿನ್ ಪರೀಕ್ಷೆ ಮುಗಿಸಿ, ಪುಸ್ತಕದಲ್ಲಿ ಸಮಯ ಬರೆದು, ಕಿಟಕಿಯ ಕಡೆ ತಲೆ ಎತ್ತಿದ್ದೆ.

ಕಳ್ಳಮಾಮ ಕಳ್ಳರಲ್ಲ. ಊರಾಚೆಯ ಪೊಲೀಸ್ ನಾಯಿಗಳ ತರಬೇತಿ ಕೇಂದ್ರದಲ್ಲಿ ಕಳ್ಳನ ಪಾತ್ರ ಅವರದು. ಎಡಗೈಗೆ ನಾರು ತುಂಬಿದ ದಪ್ಪ ಕೈಕವಚ ತೊಟ್ಟು, ಕೂಗಾಡುತ್ತಾ ಓಡಬೇಕು. ನಾಯಿ ಅಟ್ಟಿಸಿಕೊಂಡು ಬಂದು ಕವಚಕ್ಕೆ ಬಾಯಿ ಹಾಕಬೇಕು. ಸಾಹೇಬರು "ಬಿಡು" ಎನ್ನುವವರೆಗೆ ಇಬ್ಬರೂ ಹಾಗೇ ಇರಬೇಕು. ಮೊದಲು ಅವರು ಅಲ್ಲಿನ ಮಾಲಿ. ಒಂದು ದಿನ ಕಳ್ಳನಾಗಬೇಕಾದವನು ರಜೆ ಹಾಕಿದ. "ನೀನೇ ಓಡಯ್ಯ ಇವತ್ತು" ಅಂದರು ಸಾಹೇಬರು. ಅಂದು ಓಡಲು ಶುರು ಮಾಡಿದವರು ಈ ಬೆಳಗಿನ ಹೊತ್ತಿಗೆ ಇಪ್ಪತ್ತಾರು ವರ್ಷವಾದರೂ ನಿಂತಿರಲಿಲ್ಲ.

ಅವರ ಮದುವೆಯ ಮಾತುಕತೆಯನ್ನು ಅವರ ಬಾಯಿಂದಲೇ ಕೇಳಬೇಕು. ಹುಡುಗನಿಗೆ ಏನು ಕೆಲಸ ಅಂತ ಹುಡುಗಿಯ ಅಪ್ಪ ಕೇಳಿದರಂತೆ. "ಸರ್ಕಾರದಲ್ಲಿ, ಕಳ್ಳನ ಕೆಲಸ" ಅಂದರಂತೆ ಇವರು. "ಸರ್ಕಾರದಲ್ಲಿ ಅಂದ್ಮೇಲೆ ಅದನ್ನ ಬಿಡಿಸಿ ಬೇರೆ ಹೇಳ್ಬೇಕೇನಪ್ಪ?" ಎಂದು ಮಾವ ಒಪ್ಪಿಕೊಂಡರಂತೆ. ಕವಚ ಹರಿದಾಗಲೆಲ್ಲ ಹೊಲಿಯುವವರು ಅವರ ಹೆಂಡತಿಯೇ. "ಇವರ ಅಂಗಿಗೆ ಗುಂಡಿ ಹಾಕೋಕೆ ನಂಗೆ ಪುರುಸೊತ್ತಿಲ್ಲ, ನಾಯಿಗಳ ಊಟ ಹೊಲಿಯೋದ್ರಲ್ಲೇ ಆಯಸ್ಸು ಹೋಯ್ತು" ಎನ್ನುತ್ತಿದ್ದರು. ನಾನು ಹೇಳುತ್ತಿರುವ ದಿನವೂ ಕವಚ ಅವರ ಹೊಲಿಗೆಯಂತ್ರದ ಮೇಲಿತ್ತು.

ಅದಕ್ಕೆ ಹನ್ನೊಂದು ದಿನ ಮೊದಲಿಂದ ಊರಿಗೆ ತೋಳದ ಭಯ ಹಿಡಿದಿತ್ತು. ಊರಂಚಿನ ಕೊಟ್ಟಿಗೆಯಲ್ಲಿ ನಾಲ್ಕು ಕುರಿ ಸತ್ತಿದ್ದವು. ಮಕ್ಕಳನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ತೋಳ ಬಂದರೆ ಕಾಯಲಿ ಎಂದು ಎಷ್ಟೋ ಮನೆಯವರು ಕಟ್ಟಿಹಾಕಿದ ನಾಯಿಗಳನ್ನು ಬೀದಿಗೆ ಬಿಟ್ಟಿದ್ದರು.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಾಮ ದಿನವೂ ನಮ್ಮ ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಳ್ಳುತ್ತಿದ್ದರು. ಪಂಪು ನಡೆಸುವ ಅಕ್ಕ ಒಂದು ದಿನ ಅವರನ್ನು ಹಿಡಿದು ನಿಲ್ಲಿಸಿದಳು.

"ಮಾಮ, ತೋಳ ಅಪಾಯಾನೋ ನಾಯಿ ಅಪಾಯಾನೋ? ನೀವೇ ಹೇಳ್ಬಿಡಿ."

"ಹಲ್ಲು ನೋಡಿದ್ರೆ ತೋಳ, ತಾಯಿ. ಲೆಕ್ಕ ನೋಡಿದ್ರೆ ನಾಯಿ."

"ಒಗಟು ಬೇಡ."

"ತೋಳಕ್ಕೆ ನಮ್ಮನ್ನ ಕಂಡ್ರೆ ಭಯ. ನಾಯಿಗೆ ಸಲುಗೆ. ಭಯ ಇರೋದು ದೂರ ನಿಲ್ಲತ್ತೆ, ಸಲುಗೆ ಇರೋದು ಹತ್ರ ಬರತ್ತೆ. ಕಚ್ಚೋಕೆ ಹತ್ರ ಬರ್ಬೇಕಲ್ವಾ?"

"ತೋಳಕ್ಕೆ ಹುಚ್ಚು ಹಿಡಿದಿದ್ರೆ?" ಎಂದು ನಾನು ಕೇಳಿದೆ.

"ಆಗ ನಾನೂ ಓಡ್ತೀನಿ ಕೆಮಿಸ್ಟಮ್ಮ. ಸಂಬಳಕ್ಕಲ್ಲ, ನಿಜವಾಗ್ಲೂ!"

ಆ ಬೆಳಿಗ್ಗೆ ನಾನು ಮತ್ತು ಅಕ್ಕ ಕಾಲು ಗಂಟೆಯಿಂದ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಕೂತಿದ್ದೆವು. ನೀರು ಸೋಸುವ ತೊಟ್ಟಿಯ ಹಿಂದೆ ಬೂದು ಬಣ್ಣದ ಪ್ರಾಣಿಯೊಂದು ಮಲಗಿತ್ತು. ಫೋನ್ ಮಾಡಿದ್ದಕ್ಕೆ ಅರಣ್ಯ ಇಲಾಖೆಯವರು ಬರಲು ಎರಡು ಗಂಟೆ ಬೇಕೆಂದರು. ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ಏಳು ಗಂಟೆಗೆ ಪಂಪು ನಿಲ್ಲಿಸದಿದ್ದರೆ ಟ್ಯಾಂಕ್ ತುಂಬಿ ಹರಿಯುತ್ತದೆ ಎಂಬ ಚಿಂತೆ ಬೇರೆ. ಪಂಪಿನ ಸ್ವಿಚ್ಚು ಇದ್ದದ್ದು ಅಂಗಳದ ಆಚೆ ಬದಿ.

ಮಾಮನನ್ನು ಕಂಡು ನಾನು ಕಿಟಕಿಯಿಂದ ಕೂಗಿದೆ: "ಒಳಗೆ ಬರ್ಬೇಡಿ ಮಾಮ, ತೋಳ ಇದೆ!"

ಇನ್ನೊಂದು ಕಿಟಕಿಯಲ್ಲಿದ್ದ ಅಕ್ಕ ಆಗಲೇ ನಕ್ಕಳು. "ಅಯ್ಯೋ, ತೋಳವೂ ಇಲ್ಲ ಮಣ್ಣೂ ಇಲ್ಲ ಕಣೇ. ಕುತ್ತಿಗೇಲಿ ಬೆಲ್ಟು ನೋಡು. ನಾಯಿ!"

ನನಗೂ ಎದೆ ಹಗುರಾಯಿತು. ನಾನು ತಡೆಯಲಿಲ್ಲ. ಇದನ್ನು ಬರೆದಿಡಬೇಕು, ತಪ್ಪು ನನ್ನದೂ ಹೌದು. ಅಕ್ಕ ಬಾಗಿಲು ತೆರೆದು, ಸೊಂಟಕ್ಕೊಂದು ಕೈ ಕೊಟ್ಟುಕೊಂಡು, "ಹಚಾ, ಹಚಾ" ಎನ್ನುತ್ತಾ ಸ್ವಿಚ್ಚಿನ ಕಡೆ ಹೊರಟಳು.

ನಾಯಿ ಎದ್ದಿತು. ಬೊಗಳಲಿಲ್ಲ. ತಲೆ ತಗ್ಗಿಸಿ ಅವಳನ್ನೇ ನೋಡಿತು. ಬೆಲ್ಟಿನಿಂದ ತುಂಡಾದ ಸರಪಳಿ ನೇತಾಡುತ್ತಿತ್ತು. ಅಕ್ಕನಿಗೂ ಅದಕ್ಕೂ ಹೆಚ್ಚೆಂದರೆ ಹತ್ತು ಹೆಜ್ಜೆ.

"ಏಯ್! ಇಲ್ನೋಡೋ! ಕಳ್ಳ ಇಲ್ಲಿದ್ದಾನೆ!"

ಮಾಮ ಗೇಟು ತಳ್ಳಿಕೊಂಡು ಒಳಗೆ ನುಗ್ಗಿದ್ದರು. ಎರಡೂ ಕೈ ಬೀಸುತ್ತಾ, ಕೆಟ್ಟದಾಗಿ ಕಿರುಚುತ್ತಾ ಅಂಗಳಕ್ಕೆ ಅಡ್ಡಲಾಗಿ ಓಡಿದರು. ಅವರಿಗೆ ಗೊತ್ತಿದ್ದ ಕೆಲಸ ಅದೇ: ಓಡಿ, ನಾಯಿಯ ಕಣ್ಣನ್ನು ತನ್ನ ಕಡೆ ತಿರುಗಿಸಿಕೊಳ್ಳುವುದು. ಅಕ್ಕನ ಕಡೆ ನೆಗೆಯಲಿದ್ದ ನಾಯಿ ತಿರುಗಿ ಅವರ ಹಿಂದೆ ಬಿತ್ತು. ಮಾಮ ಥಟ್ಟನೆ ನಿಂತು, ಎಡಗೈ ಮಡಚಿ ಅದರ ಬಾಯಿಗೆ ಕೊಟ್ಟರು. ಅಂಗಿಯ ತೋಳು ಬಿಟ್ಟರೆ ಆ ಕೈ ಮೇಲೆ ಏನೂ ಇರಲಿಲ್ಲ.

ಆಮೇಲಿನ ಅವರ ದನಿ ಪಾಠ ಹೇಳುವವರದು. "ತಾಯಿ, ಓಡ್ಬೇಡ. ಹಿಂದ್ಹಿಂದಕ್ಕೆ ನಡ್ಕೊಂಡು ಒಳಗೆ ಹೋಗು. ಕೆಮಿಸ್ಟಮ್ಮ, ತೊಟ್ಟಿ ತೊಳೆಯೋ ಪೈಪು ತಗೊಳ್ಳಿ. ಮೂತಿಗೇ ಬಿಡಿ ನೀರು."

ಅಕ್ಕ ಒಳಗೆ ಸೇರಿದಳು. ನಾನು ಪೈಪು ಹಿಡಿದೆ. ನಮ್ಮಲ್ಲಿ ಬೇರೇನಕ್ಕೆ ಕೊರತೆಯಿದ್ದರೂ ನೀರಿನ ರಭಸಕ್ಕಿಲ್ಲ. ಮೂಗಿಗೆ ನೀರು ನುಗ್ಗಿದ್ದೇ ನಾಯಿ ಹಿಡಿತ ಸಡಿಲಿಸಿತು. ಮಾಮ ಬಲಗೈಯಿಂದ ಸರಪಳಿ ಹಿಡಿದು ಗೇಟಿನ ಕೊಂಡಿಗೆ ಸಿಕ್ಕಿಸಿ, ಅಲ್ಲೇ ನೆಲಕ್ಕೆ ಕೂತರು. ಅದೆಲ್ಲ ಎಷ್ಟು ಹೊತ್ತು ನಡೆಯಿತೆಂದು ಹೇಳಲಾರೆ. ಆಗ ಮಾತ್ರ ನಾನು ಗಡಿಯಾರ ನೋಡಲಿಲ್ಲ.

ಗಾಯ ತೊಳೆಯುವಾಗ ನೋಡಿದೆ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ, ಪೂರ್ತಿ ಹದಿನೈದು ನಿಮಿಷ. ಕೈಯಲ್ಲಿ ನಾಲ್ಕು ತೂತು ಬಿದ್ದಿದ್ದವು.

"ಕೈ ಯಾಕೆ ಎಳ್ಕೊಳ್ಳಲಿಲ್ಲ ಮಾಮ?"

"ಎಳೆದ್ರೆ ಹರಿಯತ್ತೆ, ಕೊಟ್ರೆ ತೂತಾಗತ್ತೆ. ತೂತು ಬೇಗ ಮುಚ್ಕೊಳ್ಳತ್ತೆ." ಆಮೇಲೆ ಅಳುತ್ತಿದ್ದ ಅಕ್ಕನ ಕಡೆ ತಿರುಗಿದರು. "ಏನು ತಾಯಿ ನೀನು! ತೋಳ ಅಂದಾಗ ಬಾಗಿಲು ಹಾಕ್ಕೊಂಡೆ, ನಾಯಿ ಅಂದಾಗ ತೆಗೆದೆ. ಇಷ್ಟು ದಿನ ನಾನು ಹೇಳಿದ್ದೆಲ್ಲ ಆ ನಲ್ಲೀಲೇ ಹರಿದು ಹೋಯ್ತಾ?"

ಅಕ್ಕ ಅಳುತ್ತಲೇ ನಕ್ಕಳು. ಪಂಪು ನಿಂತದ್ದು ಏಳು ಗಂಟೆ ಹತ್ತು ನಿಮಿಷಕ್ಕೆ. ಟ್ಯಾಂಕ್ ಹರಿಯಿತು, ಯಾರೂ ಬೈಯಲಿಲ್ಲ.

ಅದು ಒಂದು ಗೋದಾಮಿನ ಕಾವಲು ನಾಯಿಯೆಂದು ಆಮೇಲೆ ತಿಳಿಯಿತು. ಕುರಿಗಳನ್ನು ಕೊಂದದ್ದು ಅದೋ ನಿಜವಾದ ತೋಳವೋ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ. ಗೊತ್ತಿರುವುದು ಇಷ್ಟು: ಅಕ್ಕನ ಮಗಳು ಈಗ ಎರಡನೇ ತರಗತಿಯಲ್ಲಿದ್ದಾಳೆ. ಮಗ್ಗಿ ತಪ್ಪು ಹೇಳುತ್ತಾಳೆ, ಕಳ್ಳಮಾಮ ಮನೆಗೆ ಬಂದರೆ ಯಾರೂ ಹೇಳದೆಯೇ ಕುರ್ಚಿ ಬಿಟ್ಟುಕೊಡುತ್ತಾಳೆ. ಮಾಮ ತಮ್ಮ ಕೈಯನ್ನು ಎಂದೂ ಯಾರಿಗೂ ತೋರಿಸಿಕೊಂಡವರಲ್ಲ. ಅದಕ್ಕೇ ನಾನಿದನ್ನು ಬರೆಯುತ್ತಿದ್ದೇನೆ.

ಆ ದಿನ ಗಾಯ ತೊಳೆದ ಮೇಲೆ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಕೇಂದ್ರದಲ್ಲಿ ಮೊದಲೇ ಮುಂಜಾಗ್ರತೆಯ ರೇಬೀಸ್ ಲಸಿಕೆ ಹಾಕಿಸಿದ್ದರಿಂದ ಮಾಮನಿಗೆ ಇನ್ನೆರಡು ಚುಚ್ಚುಮದ್ದು ಸಾಕೆಂದರು. ನರ್ಸ್ ಒಂದು ಚೀಟಿ ತುಂಬುತ್ತಾ ಕೇಳಿದರು:

"ಇದುವರೆಗೆ ಎಷ್ಟು ಸಲ ನಾಯಿ ಕಚ್ಚಿದೆ?"

"ಅಯ್ಯೋ ಸಿಸ್ಟರ್, ಅವರ ಕೆಲಸಾನೇ ಅದು!" ಅಂದಳು ಅಕ್ಕ. "ಇಪ್ಪತ್ತಾರು ವರ್ಷದಿಂದ ದಿನಾ ಕಚ್ಚಿಸ್ಕೊಳ್ತಾರೆ. ನಿಮ್ಮ ಚೀಟೀಲಿ ಜಾಗ ಸಾಲಲ್ಲ."

ಮಾಮ ತಲೆಯಾಡಿಸಿದರು.

"ಅವು ಕಚ್ಚಿದ್ದಲ್ಲಮ್ಮ, ಪಾಠ ಕಲ್ತಿದ್ದು. ಮಕ್ಕಳ ಮೇಲೆ ದೂರು ಬರೆಸ್ಬಾರ್ದು." ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿ ಸರಿಯಾಗಿಟ್ಟುಕೊಂಡು, ಅಕ್ಕನ ತುಂಬಿದ ಹೊಟ್ಟೆಯ ಕಡೆ ಒಮ್ಮೆ ನೋಡಿ, ನರ್ಸಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಬರ್ಕೊಳ್ಳಿ. ಒಂದು."